ಕಂಬ ಬಿಟ್ಟ ಬಾನುಲಿ

ಬೆಂಗಳೂರಿನ ಎಫ್‌ಎಂ ನಿಲಯಗಳು ತಮ್ಮ ಹೆಸರನ್ನು ಒಂಟಿಯಾಗಿ ಹೇಳಿಕೊಳ್ಳುವುದು ಕಡಿಮೆ. ರೇಡಿಯೊ ಸಿಟಿ ಎಂದರೆ 91.1, ರೈನ್‌ಬೋ ಎಂದರೆ 101.3, ವಿವಿಧ ಭಾರತಿ ಎಂದರೆ 102.9. ಹೆಸರಿನ ಬೆನ್ನಿಗೆ ಅಂಕಿ ಬಂದೇ ಬರುತ್ತದೆ. ಆ ಅಂಕಿಗೆ ಬೆಲೆಯೂ ಇದೆ. 2015ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಎಫ್‌ಎಂನ ಮೂರನೇ ಹಂತದ ಹರಾಜು ನಡೆಸಿದಾಗ ಬೆಂಗಳೂರಿನ ಒಂದೇ ಒಂದು ತರಂಗಾಂತರದ ಬೆಲೆ ನೂರು ಕೋಟಿ ರೂಪಾಯಿ ದಾಟಿತ್ತು. ಅಷ್ಟು ದುಡ್ಡು ಸುರಿದು ಕೊಂಡ ಅಂಕಿಯನ್ನೇ ಈಗ ಹಳೆಯ ಕಾಲದ ಹೊರೆ ಎನ್ನುವ ಮಾತು ಕೇಳಿಬರುತ್ತಿದೆ. ಕೈಯಲ್ಲೊಂದು ಫೋನು, ಫೋನಿನಲ್ಲೊಂದು ಆ್ಯಪ್ ಇರುವಾಗ ಟ್ರಾನ್ಸ್‌ಮಿಟರ್ ಯಾಕೆ, ಅದರ ಕರೆಂಟ್ ಬಿಲ್ಲು ಯಾಕೆ, ನಿಲಯದ ಹೆಸರು ಇಂಟರ್ನೆಟ್‌ನಲ್ಲಿ ಇದ್ದರೆ ಸಾಲದೇ ಎಂಬುದು ಪ್ರಶ್ನೆ. ಮೇಲುನೋಟಕ್ಕೆ ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರ ಹುಡುಕಲು ಊಹೆ ಮಾಡುತ್ತ ಕೂರಬೇಕಿಲ್ಲ. ಇಪ್ಪತ್ತು ವರ್ಷಗಳ ಹಿಂದೆಯೇ ಅಮೆರಿಕದ ಒಂದು ಸಣ್ಣ ಊರಿನ ನಿಲಯ ಈ ಪ್ರಯೋಗವನ್ನು ಮಾಡಿ ಮುಗಿಸಿದೆ.

ಒಹಾಯೊ ರಾಜ್ಯದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವೊಂದನ್ನು ನೆಚ್ಚಿಕೊಂಡ ಪುಟ್ಟ ಪಟ್ಟಣ. ಸಿನ್ಸಿನಾಟಿ ಮಹಾನಗರ ಅಲ್ಲಿಂದ ದೂರವೇನಿಲ್ಲ. 80ರ ದಶಕದ ಆರಂಭದಲ್ಲಿ ಡಗ್ ಮತ್ತು ಲಿಂಡಾ ಬಾಲೋ ದಂಪತಿ ಅಲ್ಲಿನ 97.7 ಎಫ್‌ಎಂ ನಿಲಯವನ್ನು ಕೊಂಡರು. 1983ರಲ್ಲಿ ಅದು ಡಬ್ಲ್ಯುಒಎಕ್ಸ್‌ವೈ ಎಂಬ ಹೆಸರಿನಲ್ಲಿ, ದೊಡ್ಡ ನಿಲಯಗಳು ಮುಟ್ಟದ ಹೊಸ ರಾಕ್ ಸಂಗೀತವನ್ನು ಹಾಕತೊಡಗಿತು. ಕೇಳುಗರ ಬಾಯಲ್ಲಿ ಅದು 97ಎಕ್ಸ್. 1988ರಲ್ಲಿ ಬಂದ ‘ರೇನ್ ಮ್ಯಾನ್’ ಸಿನಿಮಾದಲ್ಲಿ ಡಸ್ಟಿನ್ ಹಾಫ್‌ಮನ್ ಮಾಡಿದ ಪಾತ್ರ ಕಾರಿನಲ್ಲಿ ಕೂತು ಈ ನಿಲಯದ ಘೋಷವಾಕ್ಯವನ್ನು ಮತ್ತೆಮತ್ತೆ ಒದರುತ್ತದೆ. ಕೋಟಿಗಟ್ಟಲೆ ಕೊಟ್ಟರೂ ಸಿಗದ ಪ್ರಚಾರ ಅದು. ಇಷ್ಟಿದ್ದರೂ 2004ರಲ್ಲಿ ದಂಪತಿ ನಿಲಯದ ಪರವಾನಗಿಯನ್ನು 56 ಲಕ್ಷ ಡಾಲರಿಗೆ ಮಾರಿದರು. ಕೊಂಡ ಕಂಪನಿಗೆ ಬೇಕಿದ್ದದ್ದು ಹಾಡುಗಳಲ್ಲ, ತರಂಗಾಂತರ. ಆ ವರ್ಷ ಮೇ ತಿಂಗಳಲ್ಲಿ ಎಫ್‌ಎಂ ಪ್ರಸಾರ ನಿಂತಿತು. ಮುಂದೆ ಪರವಾನಗಿ ಸಿನ್ಸಿನಾಟಿಯ ಹೊರವಲಯದ ಮೇಸನ್ ಎಂಬ ಊರಿಗೆ ಹೋಯಿತು; 97.7ರಲ್ಲಿ ಕೊನೆಗೆ ಕೇಳಿಬಂದದ್ದು ಸ್ಪ್ಯಾನಿಷ್ ಹಾಡುಗಳು.

ನಿಲಯದ ಹೆಸರು, ಸಿಬ್ಬಂದಿ, ಹಾಡಿನ ಸಂಗ್ರಹ ಮಾತ್ರ ಉಳಿದುಕೊಂಡವು. ಹಣ ಹೂಡುವವರು ಮುಂದೆ ಬಂದರು. ಎರಡೇ ತಿಂಗಳಲ್ಲಿ, 2004ರ ಜುಲೈಗೆ, ನಿಲಯ ಸಂಪೂರ್ಣವಾಗಿ ಇಂಟರ್ನೆಟ್‌ನಲ್ಲಿ ಮರುಹುಟ್ಟು ಪಡೆಯಿತು. ಸಂಗೀತ ಬಲ್ಲವರು ಹೊಗಳಿದರು. ಆಕ್ಸ್‌ಫರ್ಡ್ ಎಲ್ಲಿದೆಯೆಂದೇ ಗೊತ್ತಿಲ್ಲದ ದೇಶಗಳಲ್ಲಿ ಅಭಿಮಾನಿಗಳು ಹುಟ್ಟಿಕೊಂಡರು. ಹೆಸರು ಹಿಂದೆಂದಿಗಿಂತ ದೊಡ್ಡದಾಯಿತು, ಗಲ್ಲಾಪೆಟ್ಟಿಗೆ ಮಾತ್ರ ತುಂಬಲಿಲ್ಲ. 2006ರ ಸೆಪ್ಟೆಂಬರಿನಲ್ಲಿ ದುಡ್ಡಿಲ್ಲದೆ ಪ್ರಸಾರ ನಿಂತಿತು. ಲಾಲಾ ಎಂಬ ಸಂಗೀತ ಕಂಪನಿ ಕೈಹಿಡಿದು ಎತ್ತಿತು. ಆಮೇಲೆ ಇನ್ನೊಂದು ಕಂಪನಿಯ ಪಾಲಾಗಿ, 2009ರಲ್ಲಿ ಒಹಾಯೊವನ್ನೇ ಬಿಟ್ಟು ಟೆಕ್ಸಸ್‌ನ ಆಸ್ಟಿನ್ ಸೇರಿತು. 2010ರ ಮಾರ್ಚ್ 23ರಂದು ಶಾಶ್ವತವಾಗಿ ಮೌನವಾಯಿತು. ಎಫ್‌ಎಂನಲ್ಲಿ ಇಪ್ಪತ್ತು ವರ್ಷ ಬಾಳಿದ ನಿಲಯ ಇಂಟರ್ನೆಟ್‌ನಲ್ಲಿ ಆರು ವರ್ಷ ಪೂರೈಸಲಿಲ್ಲ. ಆ ಆರು ವರ್ಷದಲ್ಲೂ ಮಾಲೀಕರು ಬದಲಾದರು, ಊರು ಬದಲಾಯಿತು.

ಹೀಗೇಕಾಯಿತು ಎಂಬುದಕ್ಕೆ ಒಂದು ಕಾರಣ ಲೆಕ್ಕದ ಪುಸ್ತಕದಲ್ಲೇ ಇದೆ. ಅಮೆರಿಕದಲ್ಲಿ ಎಫ್‌ಎಂ ನಿಲಯ ಒಂದು ಹಾಡು ಹಾಕಿದರೆ ಅದನ್ನು ಬರೆದವರಿಗೆ, ರಾಗ ಹಾಕಿದವರಿಗೆ ಗೌರವಧನ ಕೊಡಬೇಕು. ಹಾಡಿದವರಿಗೆ, ಧ್ವನಿಮುದ್ರಣದ ಒಡೆಯರಿಗೆ ಕೊಡಬೇಕಿಲ್ಲ. ಇಂಟರ್ನೆಟ್ ನಿಲಯ ಇಬ್ಬರಿಗೂ ಕೊಡಬೇಕು. ಎರಡನೆಯದಕ್ಕೆ 2007ರಲ್ಲಿ ಅಲ್ಲಿನ ಹಕ್ಕುಸ್ವಾಮ್ಯ ಗೌರವಧನ ಮಂಡಳಿ ನಿಗದಿ ಮಾಡಿದ ದರ 2010ರ ಹೊತ್ತಿಗೆ ಒಂದು ಹಾಡಿಗೆ, ಒಬ್ಬ ಕೇಳುಗನಿಗೆ 0.0019 ಡಾಲರ್. ಕಣ್ಣಿಗೆ ಕಾಣದಷ್ಟು ಚಿಕ್ಕ ಮೊತ್ತ ಎನಿಸುತ್ತದೆ. ಗುಣಿಸಿ ನೋಡಿ. ಗಂಟೆಗೆ 15 ಹಾಡು, ಯಾವ ಹೊತ್ತಿಗೂ ಸರಾಸರಿ ಸಾವಿರ ಕೇಳುಗರು ಎಂದಿಟ್ಟುಕೊಂಡರೆ ದಿನಕ್ಕೆ 684 ಡಾಲರ್, ವರ್ಷಕ್ಕೆ ಹತ್ತಿರಹತ್ತಿರ ಎರಡೂವರೆ ಲಕ್ಷ ಡಾಲರ್. ಸಣ್ಣ ನಿಲಯಗಳಿಗೆ ಆಮೇಲೆ ರಿಯಾಯಿತಿಯ ಒಪ್ಪಂದಗಳಾದವು ನಿಜ, ಆದರೆ ಲೆಕ್ಕದ ಸ್ವರೂಪ ಬದಲಾಗಲಿಲ್ಲ. ಎಫ್‌ಎಂನಲ್ಲಿ ಹತ್ತು ಜನ ಕೇಳಿದರೂ ಹತ್ತು ಲಕ್ಷ ಜನ ಕೇಳಿದರೂ ಟ್ರಾನ್ಸ್‌ಮಿಟರಿನ ಖರ್ಚು ಅಷ್ಟೇ. ಇಂಟರ್ನೆಟ್‌ನಲ್ಲಿ ಸರ್ವರಿನ ಬಾಡಿಗೆಯಿಂದ ಹಿಡಿದು ಗೌರವಧನದವರೆಗೆ ಕೇಳುಗರು ಹೆಚ್ಚಿದಂತೆ ಖರ್ಚೂ ಏರುತ್ತ ಹೋಗುತ್ತದೆ. ಒಂದು ಕಡೆ ಜನಪ್ರಿಯತೆ ಲಾಭ ತರುತ್ತದೆ, ಇನ್ನೊಂದು ಕಡೆ ಅದೇ ಬಿಲ್ಲಾಗಿ ಬರುತ್ತದೆ.

ಖರ್ಚಿಗಿಂತ ದೊಡ್ಡ ಕಾರಣ ಆದಾಯದ ಕಡೆಗಿದೆ, ನನ್ನ ವಾದ ನಿಂತಿರುವುದೂ ಅಲ್ಲೇ. ನಿಲಯಕ್ಕೆ ಎರಡು ಬಗೆಯ ಕೇಳುಗರಿರುತ್ತಾರೆ. ಒಬ್ಬ ಅಭಿಮಾನಿ; ಅವನು ಹುಡುಕಿಕೊಂಡು ಬರುತ್ತಾನೆ. ಇನ್ನೊಬ್ಬ ದಾರಿಹೋಕ, ರೇಡಿಯೊದ ಗುಂಡಿ ತಿರುಗಿಸುವಾಗ ಸಿಕ್ಕಿತೆಂದು ಕೇಳಿದವನು, ಕ್ಷೌರದಂಗಡಿಯಲ್ಲಿ ಕೂತಾಗ ಕಿವಿಗೆ ಬಿದ್ದವನು, ಆಟೊದಲ್ಲಿ ಚಾಲಕ ಹಾಕಿದ್ದನ್ನು ಕೇಳಿಸಿಕೊಂಡವನು. ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಕಾಯಂ ಗಿರಾಕಿಗಳು ಹೆಸರು ತಂದುಕೊಟ್ಟರೂ ಒಲೆ ಉರಿಯುವುದು ಬಸ್ಸಿಳಿದು ಬರುವವರಿಂದ. ಸ್ಥಳೀಯ ನಿಲಯದ ಕಥೆಯೂ ಅದೇ. ಇಂಟರ್ನೆಟ್‌ಗೆ ಹೋದ ನಿಲಯ ಅಭಿಮಾನಿಯನ್ನು ಕರೆದುಕೊಂಡು ಹೋಗುತ್ತದೆ, ಅವನಂಥ ನೂರು ಜನರನ್ನು ಬೇರೆ ದೇಶಗಳಲ್ಲೂ ಗಳಿಸುತ್ತದೆ. ದಾರಿಹೋಕ ಮಾತ್ರ ಹಿಂದೆಯೇ ಉಳಿಯುತ್ತಾನೆ, ಯಾಕೆಂದರೆ ಹೆಸರು ನೆನಪಿಟ್ಟು, ಹುಡುಕಿ, ಇಳಿಸಿಕೊಂಡು, ತೆರೆದು ಕೇಳುವಷ್ಟು ಉಮೇದು ಅವನಿಗೆ ಯಾವತ್ತೂ ಇರಲಿಲ್ಲ. ಸಿನ್ಸಿನಾಟಿಯ ಪೀಠೋಪಕರಣದ ಅಂಗಡಿಯವನಿಗೆ ಬೇಕಾದವನು ಈ ದಾರಿಹೋಕನೇ. ಟೋಕಿಯೊದ ಅಭಿಮಾನಿ ಎಷ್ಟು ನಿಷ್ಠನಾದರೂ ಅವನು ಆ ಅಂಗಡಿಗೆ ಬಂದು ಸೋಫಾ ಕೊಳ್ಳುವುದಿಲ್ಲ. ಸ್ಥಳೀಯ ಜಾಹೀರಾತು ಹೋಗುತ್ತದೆ. ದೊಡ್ಡ ಜಾಹೀರಾತಿಗೆ ಬೇಕಾದಷ್ಟು ಸಂಖ್ಯೆ ಇರುವುದಿಲ್ಲ. ಎಫ್‌ಎಂ ಪಟ್ಟಿಯಲ್ಲಿ ಊರಿನ ಹತ್ತಾರು ನಿಲಯಗಳ ನಡುವೆ ಒಂದಾಗಿದ್ದದ್ದು ಫೋನಿನಲ್ಲಿ ಜಗತ್ತಿನ ಎಲ್ಲ ಹಾಡು, ಎಲ್ಲ ವಿಡಿಯೊಗಳ ಜೊತೆ ಸ್ಪರ್ಧೆಗೆ ಬೀಳುತ್ತದೆ.

ಆ ಕಾಲಕ್ಕೂ ಈ ಕಾಲಕ್ಕೂ ಹೋಲಿಕೆಯೇ ಎಂದು ಯಾರಾದರೂ ಕೇಳಬಹುದು. 2004ರಲ್ಲಿ ಸಾಮಾನ್ಯರ ಕೈಯಲ್ಲಿ ಸ್ಮಾರ್ಟ್‌ಫೋನು ಇರಲಿಲ್ಲ, ಕಾರಿನಲ್ಲಿ ಇಂಟರ್ನೆಟ್ ಇರಲಿಲ್ಲ. 97ಎಕ್ಸ್ ಸೋತದ್ದು ಅವಸರಪಟ್ಟಿದ್ದಕ್ಕೆ ಎನ್ನಬಹುದು. ಹಾಗಾದರೆ ಬಾಸ್ಟನ್‌ನ ಡಬ್ಲ್ಯುಎಫ್‌ಎನ್‌ಎಕ್ಸ್ ನೋಡಿ. ಅದು ತನ್ನ 101.7 ಎಫ್‌ಎಂ ತರಂಗಾಂತರವನ್ನು ಮಾರಿ ಇಂಟರ್ನೆಟ್‌ಗೆ ಹೋದದ್ದು 2012ರಲ್ಲಿ, ಎಲ್ಲರ ಕೈಗೂ ಸ್ಮಾರ್ಟ್‌ಫೋನು ಬರುತ್ತಿದ್ದ ಹೊತ್ತಿನಲ್ಲಿ. ಮರುವರ್ಷವೇ ಅದೂ ಮುಚ್ಚಿತು. ಸೋತವರಿಗಿಂತ ಗೆದ್ದವರ ನಡೆಯೇ ಹೆಚ್ಚು ಹೇಳುತ್ತದೆ. ಸಿಯಾಟಲ್‌ನ ಕೆಇಎಕ್ಸ್‌ಪಿ ನಿಲಯ ಇಂಟರ್ನೆಟ್‌ನಿಂದ ಜಗತ್ತಿಗೆಲ್ಲ ಹೆಸರಾದದ್ದು; ಅದರ ಸ್ಟುಡಿಯೊ ಹಾಡುಗಾರಿಕೆಯ ವಿಡಿಯೊಗಳನ್ನು ನೋಡದ ರಾಕ್ ಪ್ರೇಮಿ ಸಿಗುವುದು ಕಷ್ಟ. ಆದರೆ ಅದು ತನ್ನ 90.3 ಎಫ್‌ಎಂ ಬಿಟ್ಟುಕೊಟ್ಟಿಲ್ಲ. ಬಿಡುವುದಿರಲಿ, 2024ರಲ್ಲಿ 37.5 ಲಕ್ಷ ಡಾಲರ್ ತೆತ್ತು ಸ್ಯಾನ್ ಫ್ರಾನ್ಸಿಸ್ಕೊ ಭಾಗದಲ್ಲಿ 92.7ರ ಇನ್ನೊಂದು ಎಫ್‌ಎಂ ನಿಲಯವನ್ನು ಕೊಂಡಿತು. ಆ ನಗರದವರು ಮೊದಲೇ ಕೆಇಎಕ್ಸ್‌ಪಿಯನ್ನು ಇಂಟರ್ನೆಟ್‌ನಲ್ಲಿ ಪುಕ್ಕಟೆ ಕೇಳಬಹುದಿತ್ತು. 1964ರಲ್ಲಿ ಹಡಗಿನಿಂದ ಕದ್ದು ಪ್ರಸಾರ ಶುರುಮಾಡಿ ತರಂಗಾಂತರದಿಂದ ತರಂಗಾಂತರಕ್ಕೆ ಹಾರುತ್ತ ಬಂದ ಇಂಗ್ಲೆಂಡಿನ ರೇಡಿಯೊ ಕ್ಯಾರೊಲಿನ್ ಕೂಡ ಉಪಗ್ರಹ, ಇಂಟರ್ನೆಟ್ ಎಲ್ಲ ಸುತ್ತಿಬಂದು 2017ರಲ್ಲಿ ಪರವಾನಗಿ ಪಡೆದು 648 ಕಿಲೊಹರ್ಟ್ಸ್‌ನ ಮಧ್ಯಮ ತರಂಗಕ್ಕೆ ಮರಳಿತು. ಇಂಟರ್ನೆಟ್‌ನಲ್ಲಿ ಗೆದ್ದವರು ಪ್ರಸಾರದ ಕಂಬ ಹುಡುಕಿಕೊಂಡು ಹೋಗುತ್ತಿರುವಾಗ ಕಂಬ ಇರುವವರು ಅದನ್ನು ಕಿತ್ತೆಸೆಯಲು ಹೊರಡುವುದು ವಿವೇಕವಲ್ಲ.

ಕನ್ನಡ ನಾಡಿಗೆ ಈ ಪ್ರಶ್ನೆ ಪರಕೀಯವಲ್ಲ, ಹೊಸದೂ ಅಲ್ಲ. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಆರಂಭಿಸಿದರು. ಆ ನಿಲಯಕ್ಕಿದ್ದ ಆಕಾಶವಾಣಿ ಎಂಬ ಹೆಸರನ್ನು 50ರ ದಶಕದಲ್ಲಿ ಇಡೀ ದೇಶದ ರೇಡಿಯೊ ಜಾಲ ತನ್ನದಾಗಿಸಿಕೊಂಡಿತು. 2023ರಲ್ಲಿ ಪ್ರಸಾರ ಭಾರತಿ ಆಲ್ ಇಂಡಿಯಾ ರೇಡಿಯೊ ಎಂಬುದನ್ನು ಕೈಬಿಟ್ಟು ಆ ಒಂದೇ ಹೆಸರನ್ನು ಉಳಿಸಿಕೊಂಡಿತು. ಇಷ್ಟು ದೂರ ಪಯಣಿಸಿದ ನಿಲಯದ ಹೆಸರು ಇನ್ನೊಂದಿರಲಾರದು. ಆದರೆ ಹೆಸರಿನ ಜೊತೆ ಮೈಸೂರಿಗೆ ಏನಾಯಿತು? 1955ರಲ್ಲಿ ನಿಲಯವನ್ನು ಬೆಂಗಳೂರಿಗೆ ಸಾಗಿಸಲಾಯಿತು. ಬೆಂಗಳೂರಿನ ಪ್ರಸಾರ ಮೈಸೂರಿಗೂ ಕೇಳಿಸುತ್ತಿತ್ತು. ಹಾಗೆಂದು ಅದು ಮೈಸೂರಿನ ನಿಲಯ ಆಗಲಿಲ್ಲ. ಊರಿಗೆ ತನ್ನದೇ ನಿಲಯ ಮತ್ತೆ ದಕ್ಕಿದ್ದು 1974ರಲ್ಲಿ, ಹತ್ತೊಂಬತ್ತು ವರ್ಷಗಳ ಬಳಿಕ. ಹೆಸರು ದೊಡ್ಡದಾಗುವುದೂ ಊರು ನಿಲಯ ಕಳೆದುಕೊಳ್ಳುವುದೂ ಒಟ್ಟೊಟ್ಟಿಗೇ ನಡೆಯಬಹುದು ಎಂಬುದಕ್ಕೆ ಒಹಾಯೊದವರೆಗೆ ಹೋಗಬೇಕಿಲ್ಲ.

ಈಗ ಆಕಾಶವಾಣಿಯ ನಿಲಯಗಳು ಎರಡು ಹೆಜ್ಜೆಗಳ ನಡುವೆ ಇವೆ. ಮೊದಲ ಹೆಜ್ಜೆ ಮಧ್ಯಮ ತರಂಗದಿಂದ ಎಫ್‌ಎಂಗೆ. ಎರಡನೆಯದು ಎಫ್‌ಎಂನಿಂದ ಆ್ಯಪ್‌ಗೆ. ಮೊದಲನೆಯದರಲ್ಲೇ ನಷ್ಟದ ಬಾಬತ್ತಿದೆ. ಧಾರವಾಡದ 765 ಕಿಲೊಹರ್ಟ್ಸ್, ಬೆಂಗಳೂರಿನ 612 ಕಿಲೊಹರ್ಟ್ಸ್ ಪ್ರಸಾರಗಳು 200 ಕಿಲೊವಾಟ್ ಶಕ್ತಿಯವು. ಮಧ್ಯಮ ತರಂಗ ನೆಲ ಹಿಡಿದು ಸಾಗುತ್ತದೆ, ರಾತ್ರಿ ಹೊತ್ತು ಮೇಲಿನ ಅಯಾನುಗೋಳಕ್ಕೆ ಬಡಿದು ನೂರಾರು ಕಿಲೊಮೀಟರ್ ಆಚೆ ಇಳಿಯುತ್ತದೆ. ರಾಜ್ಯದ ಗಡಿ ದಾಟಿ ಜತ್ತ, ಅಕ್ಕಲಕೋಟೆ ಕಡೆಯ ಕನ್ನಡಿಗರ ಮನೆಗೂ ಮುಟ್ಟುವ ಅಲೆ ಅದು. ಎಫ್‌ಎಂ ಹಾಗಲ್ಲ. 88ರಿಂದ 108 ಮೆಗಾಹರ್ಟ್ಸ್‌ನ ಅಲೆ ಕಂಬದ ತುದಿಯಿಂದ ಕಣ್ಣು ಹಾಯುವಷ್ಟು ದೂರಕ್ಕೆ ಮಾತ್ರ ನೇರ ಹೋಗುತ್ತದೆ. ಬಯಲಿನಲ್ಲಿ ಸರಿ, ಮಲೆನಾಡಿನಲ್ಲಿ ಒಂದು ಗುಡ್ಡ ಅಡ್ಡ ಬಂದರೆ ಆಚೆಯ ಕಣಿವೆಗೆ ಕೊರಕೊರ ಸದ್ದೇ ಗತಿ. ಧ್ವನಿ ಶುಭ್ರವಾಗುತ್ತದೆ, ಅದು ತಲುಪುವ ನೆಲ ಕುಗ್ಗುತ್ತದೆ. ಹೀಗಾಗಿ ತರಂಗಾಂತರ ಬದಲಾವಣೆ ಎಂಬುದು ಬರೀ ಹೊಸ ಅಂಕಿಯ ಮಾತಲ್ಲ, ಯಾರನ್ನು ಉಳಿಸಿಕೊಳ್ಳುತ್ತೇವೆ, ಯಾರನ್ನು ಬಿಡುತ್ತೇವೆ ಎಂಬ ತೀರ್ಮಾನ. ಆ್ಯಪ್ ಈ ಕಳೆದುಹೋದ ನೆಲವನ್ನು ತುಂಬಿಕೊಡುತ್ತದೆ ಎಂಬ ವಾದದಲ್ಲಿ ಹುರುಳಿದೆ. ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಧಾರವಾಡ, ಮಂಗಳೂರು, ಕಲಬುರಗಿ ಎಲ್ಲವೂ ಸಿಗುತ್ತವೆ. ಮುಂಬೈ, ಮಸ್ಕತ್, ನ್ಯೂಜೆರ್ಸಿಯಲ್ಲಿರುವ ಕನ್ನಡಿಗರಿಗೆ ಅದು ದೊಡ್ಡ ಉಪಕಾರ. ಆ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಕಂಬದ ಜೊತೆಗೆ ಬರಲಿ, ಕಂಬದ ಬದಲಿಗೆ ಬೇಡ.

ರೇಡಿಯೊ ಸೆಟ್ ಈಗ ಯಾರ ಮನೆಯಲ್ಲಿದೆ ಎಂಬುದು ಮುಂದಿನ ಆಕ್ಷೇಪ. ಸೆಟ್ ಕಡಿಮೆಯಾಗಿದೆ, ಒಪ್ಪೋಣ. ಆದರೆ ಎಫ್‌ಎಂ ಚಿಪ್ ಕೋಟ್ಯಂತರ ಫೋನುಗಳ ಒಳಗೇ ಕೂತಿದೆ, ತಂತಿಯ ಇಯರ್‌ಫೋನೇ ಅದಕ್ಕೆ ಆಂಟೆನಾ. ಅದನ್ನು ಮುಚ್ಚಿಡದೆ ಜನರಿಗೆ ಒದಗಿಸಿ ಎಂದು ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ 2023ರಲ್ಲಿ ಫೋನು ತಯಾರಕರಿಗೆ ಸಲಹೆಪತ್ರ ಕಳಿಸಿತ್ತು. ಡೇಟಾ ಖರ್ಚಿನ ಮಾತು ಇಂದು ಅಷ್ಟು ದೊಡ್ಡದಲ್ಲ ಎಂಬುದನ್ನೂ ಒಪ್ಪಬೇಕು: ಸೆಕೆಂಡಿಗೆ 64 ಕಿಲೊಬಿಟ್ ಗುಣಮಟ್ಟದ ಪ್ರಸಾರಕ್ಕೆ ಗಂಟೆಗೆ ಸುಮಾರು 29 ಎಂಬಿ, ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 2.6 ಜಿಬಿ. ಈಗಿನ ರೀಚಾರ್ಜುಗಳಲ್ಲಿ ಇದು ಮುಳುಗಿಹೋಗುವ ಮೊತ್ತ. ತೊಡಕು ಇರುವುದು ನೆಟ್‌ವರ್ಕ್ ಸತ್ತಾಗ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ರಸ್ತೆಯ ಜೊತೆ ಕರೆಂಟು, ಮೊಬೈಲು ಎಲ್ಲ ಹೋದವು. ಅಂಥ ಹೊತ್ತಿನಲ್ಲಿ ಬ್ಯಾಟರಿ ಮುಗಿದ ಮೊಬೈಲ್ ಗೋಪುರಗಳು ಒಂದೊಂದಾಗಿ ಮಲಗುತ್ತವೆ. ಉಳಿದವುಗಳ ಮೇಲೆ ಎಲ್ಲರೂ ಒಮ್ಮೆಲೇ ಬಿದ್ದು ಸಾಲು ಕಟ್ಟುತ್ತಾರೆ. ಒಂದು ಎಫ್‌ಎಂ ಕಂಬ ಜನರೇಟರಿನ ಮೇಲೆ ನಿಂತರೆ ಸಾಕು, ಎರಡು ಸೆಲ್ಲಿನ ರೇಡಿಯೊ ಇರುವ ಮನೆಗೆ ಯಾವ ರಸ್ತೆ ತೆರೆದಿದೆ, ಗಂಜಿ ಕೇಂದ್ರ ಎಲ್ಲಿದೆ ಎಂಬುದು ಮುಟ್ಟುತ್ತದೆ. ಕೇಳುವವರು ಎಷ್ಟೇ ಆದರೂ ಆ ಅಲೆಗೆ ನೂಕುನುಗ್ಗಲಿಲ್ಲ.

ಕೊನೆಯ ಆಕ್ಷೇಪ ಖರ್ಚಿನದು. ಹಳೆಯ ಮಧ್ಯಮ ತರಂಗದ ಯಂತ್ರಗಳು ಕರೆಂಟು ಕುಡಿಯುತ್ತವೆ, ಬಿಡಿಭಾಗ ಸಿಗುವುದು ಕಷ್ಟ, ಸಾರ್ವಜನಿಕರ ಹಣವನ್ನು ಅಲ್ಲಿ ಸುರಿಯಬೇಕೇ? ಎಲ್ಲ ಹಳೆಯ ಯಂತ್ರಗಳನ್ನೂ ಹಾಗೇ ಇಟ್ಟುಕೊಳ್ಳಿ ಎಂದು ನಾನು ವಾದಿಸುತ್ತಿಲ್ಲ. ಬದಲಿ ವ್ಯವಸ್ಥೆ ಕೇಳುಗನ ಕೈಸೇರಿದ ಮೇಲೆ ಹಳೆಯದು ಹೋಗಲಿ ಎನ್ನುತ್ತಿದ್ದೇನೆ, ಅಷ್ಟೇ. ಇದಕ್ಕೆ ತದ್ವಿರುದ್ಧ ನಡೆದ ಉದಾಹರಣೆ ನಮ್ಮಲ್ಲೇ ಇದೆ. ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿಗೆಂದು ಆಕಾಶವಾಣಿ ದೇಶದ ಉದ್ದಗಲಕ್ಕೂ 35 ಮಧ್ಯಮ ತರಂಗ ಟ್ರಾನ್ಸ್‌ಮಿಟರ್ ಹಾಕಿತು. ಕೆಲವು ಹೊಸ ಕಾರುಗಳನ್ನು ಬಿಟ್ಟರೆ ಅದನ್ನು ಕೇಳುವ ಸೆಟ್ಟು ಅಂಗಡಿಯಲ್ಲಿ ಸಾಮಾನ್ಯನಿಗೆ ಸಿಗಲೇ ಇಲ್ಲ. ಹಣವಂತ ದೇಶಗಳೂ ಇಲ್ಲಿ ಎಡವಿವೆ. ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ 2024ರ ಕೊನೆಯ ದಿನ ಎಫ್‌ಎಂ ನಿಲ್ಲಿಸಿದ ಮೇಲೆ ಅದರ ಕೇಳುಗರ ಸಂಖ್ಯೆ ಗಣನೀಯವಾಗಿ ಕುಸಿಯಿತು. ದೇಶದಲ್ಲಿ ಎಫ್‌ಎಂ ಅನ್ನು ಪೂರ್ತಿ ಮುಚ್ಚಬೇಕೇ ಎಂಬುದನ್ನು ಅಲ್ಲಿನ ಸಂಸತ್ತು ಮರಳಿ ಯೋಚಿಸಬೇಕಾಯಿತು. ನಾರ್ವೆ 2017ರಲ್ಲಿ ರಾಷ್ಟ್ರೀಯ ನಿಲಯಗಳನ್ನು ಎಫ್‌ಎಂನಿಂದ ತೆಗೆದಾಗಲೂ ಅವುಗಳನ್ನು ಇಂಟರ್ನೆಟ್ಟಿಗೆ ನೂಕಲಿಲ್ಲ. ಗಾಳಿಯಲ್ಲೇ ಪುಕ್ಕಟೆ ಸಿಗುವ ಡಿಜಿಟಲ್ ಪ್ರಸಾರಕ್ಕೆ ಒಯ್ದಿತು, ಸಣ್ಣ ಸ್ಥಳೀಯ ನಿಲಯಗಳಿಗೆ ಎಫ್‌ಎಂನಲ್ಲೇ ಇರಲು ಬಿಟ್ಟಿತು. ನಮ್ಮ ಸುಪ್ರೀಂ ಕೋರ್ಟು 1995ರಲ್ಲೇ ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಹೇಳಿದೆ. ಸ್ವತ್ತನ್ನು ಬಿಟ್ಟು ಹೋಗುವವರು ಅದರ ಒಡೆಯರನ್ನು ಒಂದು ಮಾತು ಕೇಳಬೇಕು.

ಕಂಬವೊಂದಿದ್ದರೆ ನಿಲಯ ತಾನಾಗಿ ಉಳಿಯುತ್ತದೆ ಎಂದೂ ತಿಳಿಯಬಾರದು. ಮಡಿಕೇರಿ ನಿಲಯದಲ್ಲಿ ಕೊಡವ, ಅರೆಭಾಷೆ, ಮಂಗಳೂರಿನಲ್ಲಿ ತುಳು, ಕೊಂಕಣಿ, ಬ್ಯಾರಿ ಕಾರ್ಯಕ್ರಮಗಳು ಇರುವುದರಿಂದಲೇ ಅವು ಆ ಊರಿನ ನಿಲಯಗಳು. ಬೆಂಗಳೂರಿನಲ್ಲಿ ತಯಾರಾದ ಒಂದೇ ಕಾರ್ಯಕ್ರಮವನ್ನು ಎಲ್ಲ ಕಂಬಗಳಿಂದ ಬಿಟ್ಟರೆ ಕಂಬ ಇದ್ದೂ ನಿಲಯ ಸತ್ತಂತೆ. ಸ್ಥಳೀಯ ನಿಲಯಗಳು ಮುಚ್ಚುತ್ತವೆ ಎಂಬ ಸುದ್ದಿ ದಕ್ಷಿಣದ ರಾಜ್ಯಗಳಲ್ಲಿ ಹಬ್ಬಿ ಜನ ದನಿ ಎತ್ತಿದಾಗ, ಯಾವ ರಾಜ್ಯದಲ್ಲೂ ಯಾವ ನಿಲಯವನ್ನೂ ಮುಚ್ಚುವುದಿಲ್ಲ ಎಂದು ಪ್ರಸಾರ ಭಾರತಿ 2021ರ ಜನವರಿಯಲ್ಲಿ ಸ್ಪಷ್ಟನೆ ಕೊಟ್ಟಿತು. ಆ ಮಾತನ್ನು ಅಳೆಯುವ ಕೋಲು ನಿಲಯದ ಬಾಗಿಲ ಮೇಲಿನ ಫಲಕವಲ್ಲ. ದಿನಕ್ಕೆ ಎಷ್ಟು ಗಂಟೆಯ ಕಾರ್ಯಕ್ರಮ ಆ ಜಿಲ್ಲೆಯಲ್ಲೇ ತಯಾರಾಗುತ್ತದೆ ಎಂಬ ಲೆಕ್ಕ. ಆ್ಯಪ್‌ನಲ್ಲಿ ಎಷ್ಟು ಲಕ್ಷ ಜನ ಕೇಳಿದರು ಎಂದು ಪ್ರಕಟಿಸುವ ಸಂಸ್ಥೆ, ಅವರಲ್ಲಿ ಎಷ್ಟು ಮಂದಿ ಆ ನಿಲಯದ ಜಿಲ್ಲೆಯವರು ಎಂಬುದನ್ನೂ ಪ್ರಕಟಿಸಲಿ. ಕುಂದಗೋಳದ ಬೀಜದಂಗಡಿಯವನಿಗೂ ಹುನಗುಂದದ ರೈತನಿಗೂ ಬೇಕಾಗಿರುವುದು ಆ ಎರಡನೆಯ ಅಂಕಿ.

ಆದ್ದರಿಂದ ಆಕಾಶವಾಣಿಯಾಗಲಿ ಖಾಸಗಿ ನಿಲಯವಾಗಲಿ, ಜಾಗ ಬದಲಿಸುವ ಮುನ್ನ ಮೂರು ಕೆಲಸ ಮಾಡಲಿ. ಹಳೆಯ ಮತ್ತು ಹೊಸ ತರಂಗಾಂತರಗಳಲ್ಲಿ ಕನಿಷ್ಠ ಒಂದು ವರ್ಷ ಜೊತೆಜೊತೆಯಾಗಿ ಪ್ರಸಾರ ಮಾಡಿ, ಗಂಟೆಗೊಮ್ಮೆ ಹೊಸ ಅಂಕಿಯನ್ನು ಹೇಳಲಿ. ಹಳೆಯ ಅಲೆ ಮುಟ್ಟುತ್ತಿದ್ದ ಯಾವ ತಾಲ್ಲೂಕುಗಳಿಗೆ ಹೊಸದು ಮುಟ್ಟುವುದಿಲ್ಲ ಎಂಬ ನಕ್ಷೆಯನ್ನು ಮೊದಲೇ ಜನರ ಮುಂದಿಡಲಿ. ಬದಲಾವಣೆಯಿಂದ ಉಳಿದ ಹಣ ಜಿಲ್ಲೆಯ ಕಾರ್ಯಕ್ರಮಗಳಿಗೇ ಹೋಗಲಿ. ಕೇಳುಗರ ಪಾಲಿನ ಕೆಲಸ ಚಿಕ್ಕದು: ನಿಮ್ಮ ಫೋನಿನಲ್ಲಿ ಎಫ್‌ಎಂ ಇದೆಯೇ ನೋಡಿ, ನಿಮ್ಮ ಜಿಲ್ಲೆಯ ನಿಲಯವನ್ನು ವಾರಕ್ಕೊಮ್ಮೆಯಾದರೂ ಹಾಕಿ, ಅಲೆ ಸಿಗದಿದ್ದರೆ ನಿಲಯಕ್ಕೆ ಬರೆದು ತಿಳಿಸಿ. ದೂರು ಬಾರದ ತರಂಗಾಂತರವನ್ನು ಮುಚ್ಚುವುದು ಅಧಿಕಾರಿಗಳಿಗೆ ಬಹಳ ಸುಲಭ.